ನಾಲ್ವರ ಹೆಸರಿದ್ದ ರಾತ್ರಿ ಇಬ್ಬರೇ ಬಂದರು: ಒಂದು ಆಸ್ಪತ್ರೆಯ ಡ್ಯೂಟಿ ಪಟ್ಟಿಯ ಪ್ರಕರಣ

ಹಿನ್ನೆಲೆ

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಟ್ರಸ್ಟ್ ನಡೆಸುತ್ತಿರುವ ಖಾಸಗಿ ಆಸ್ಪತ್ರೆಯ ಪ್ರಕರಣ ಇದು. ಇನ್ನೂರರ ಆಸುಪಾಸು ಹಾಸಿಗೆಗಳು, ನೂರೈವತ್ತಕ್ಕೆ ಸಮೀಪ ನರ್ಸಿಂಗ್ ಸಿಬ್ಬಂದಿ. ಯಾರ ಗುರುತೂ ಸಿಗಬಾರದೆಂದು ಊರು, ಹೆಸರು, ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಸಂಖ್ಯೆಗಳನ್ನು ಲೆಕ್ಕ ಕೆಡದಷ್ಟು ಬದಲಿಸಿದ್ದೇನೆ. ಪಾಳಿ ಹಂಚಲು ಆಸ್ಪತ್ರೆ ಮುಂದೆ ತರಿಸಿದ ಸಾಫ್ಟ್‌ವೇರ್ ಯಾವ ಕಂಪನಿಯದೆಂದೂ ಹೇಳುವುದಿಲ್ಲ. ಇಲ್ಲಿ ನಡೆದ ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಆ ಕಂಪನಿ ಮುಖ್ಯ ಕಾರಣವಲ್ಲ. ಆಸ್ಪತ್ರೆಗಳ ಆಡಳಿತ ವ್ಯವಸ್ಥೆಗೆ ಸಲಹೆ ಕೊಡುವವನಾಗಿ ನಾನು ಹೊರಗಿನಿಂದ ಹೋಗಿದ್ದೆ.

ಅಲ್ಲಿ ಮೂರು ಪಾಳಿ. ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8. ಹಗಲಿನವು ಆರಾರು ಗಂಟೆ, ರಾತ್ರಿಯದು ಹನ್ನೆರಡು. ಪ್ರತಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ತಮ್ಮ ವಾರ್ಡಿನ ತಿಂಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಕಳಿಸುತ್ತಿದ್ದರು. ಮೇಡಂ ಸಹಿ ಹಾಕಿದ ಮೇಲೆ ಒಂದು ಪ್ರತಿ ವಾರ್ಡಿನ ಗೋಡೆಗೆ, ಅದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ. ಅಂದರೆ ವಾರ್ಡಿಗೊಂದು ಕಡತ, ಕಡತಕ್ಕೊಂದು ಗೋಡೆ, ಗೋಡೆಗೆ ಹತ್ತಾರು ಫೋಟೊ.

ಮೇಡಂ ಆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಯಾರ ಮಗು ಚಿಕ್ಕದು, ಯಾರ ಊರಿಗೆ ರಾತ್ರಿಯ ಕೊನೆಯ ಬಸ್ಸು ಎಂಟೂಕಾಲಕ್ಕೆ ಹೊರಟುಬಿಡುತ್ತದೆ, ಕ್ರಿಸ್‌ಮಸ್‌ಗೆ ಯಾರು ಮಂಗಳೂರಿಗೆ ಹೋಗಲೇಬೇಕು, ಸರ್ಕಾರಿ ನೇಮಕಾತಿಯ ಪರೀಕ್ಷೆಗೆ ಯಾರು ಗುಟ್ಟಾಗಿ ಓದುತ್ತಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಅದ್ಯಾವುದೂ ಯಾವ ಕಡತದಲ್ಲೂ ಇರಲಿಲ್ಲ. ಕಪ್ಪು ರಟ್ಟಿನ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಅವರು ಪಾಳಿ ಬದಲಾವಣೆಗಳನ್ನೂ ಬಾಕಿ ರಜೆಗಳನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಆ ನೋಟ್‌ಬುಕ್ ಮುಂದೆ ಈ ಪ್ರಕರಣದ ಮುಖ್ಯ ಸಾಕ್ಷಿಯಾಯಿತು.

ಆ ಶನಿವಾರ ರಾತ್ರಿ

ಐಸಿಯುನಲ್ಲಿ ಎಂಟು ಹಾಸಿಗೆ, ಪಾಳಿಗೆ ನಾಲ್ವರು ನರ್ಸ್. ಒಂದು ಶನಿವಾರ ರಾತ್ರಿಯ ಪಟ್ಟಿಯಲ್ಲಿ ನಾಲ್ಕು ಹೆಸರಿತ್ತು, ಎಂಟು ಗಂಟೆಗೆ ಬಂದವರು ಇಬ್ಬರು.

ಮೂರನೆಯವರು ಗುರುವಾರವೇ ಸಹೋದ್ಯೋಗಿಯೊಬ್ಬರೊಂದಿಗೆ ಪಾಳಿ ಬದಲಿಸಿಕೊಂಡಿದ್ದರು. ಇನ್‌ಚಾರ್ಜ್ ಸಿಸ್ಟರ್ ಕಾರಿಡಾರಿನಲ್ಲಿ ನಡೆಯುತ್ತಲೇ ‘ಆಗಲಿ’ ಎಂದಿದ್ದರು. ಗೋಡೆಯ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿದ್ದರು. ಶುಕ್ರವಾರ ಬೇರೆ ಯಾವುದೋ ತಿದ್ದುಪಡಿಗಾಗಿ ಎಕ್ಸೆಲ್ ಪಟ್ಟಿಯನ್ನು ಮತ್ತೆ ಮುದ್ರಿಸಿ ಗೋಡೆಗೆ ಅಂಟಿಸಿದಾಗ ಪೆನ್ನಿನ ತಿದ್ದುಪಡಿ ಕಸದ ಬುಟ್ಟಿಗೆ ಹೋಯಿತು. ಒಬ್ಬರು ಬದಲಾವಣೆ ಆಗಿದೆ ಎಂದು ಮನೆಯಲ್ಲಿ ಮಲಗಿದ್ದರು. ಇನ್ನೊಬ್ಬರು ಹೊಸ ಪಟ್ಟಿ ನೋಡಿ, ಬದಲಾವಣೆ ರದ್ದಾಗಿದೆ ಎಂದುಕೊಂಡು ಊರಿಗೆ ಹೋಗಿದ್ದರು. ನಾಲ್ಕನೆಯವರ ಹೆಸರು ಐಸಿಯು ಕಡತದಲ್ಲೂ ಇತ್ತು, ತುರ್ತು ಚಿಕಿತ್ಸಾ ವಿಭಾಗದ ಕಡತದಲ್ಲೂ ಇತ್ತು. ಅವರು ಸಮಯಕ್ಕೆ ಸರಿಯಾಗಿ ಬಂದು ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು.

ಮಧ್ಯಾಹ್ನದ ಪಾಳಿಯ ಸಿಸ್ಟರ್ ಒಬ್ಬರು ನಡುರಾತ್ರಿ ದಾಟುವವರೆಗೂ ಉಳಿದರು. ಹಾಸ್ಟೆಲ್‌ನಿಂದ ಇನ್ನೊಬ್ಬರನ್ನು ಎಬ್ಬಿಸಿ ಕರೆತಂದರು. ರೋಗಿಗಳಿಗೆ ಏನೂ ಆಗಲಿಲ್ಲ.

ಸೋಮವಾರ ಆಡಳಿತಾಧಿಕಾರಿಗಳು ಮಾಡಹೊರಟ ಮೊದಲ ಕೆಲಸ ಎಲ್ಲ ಕಡೆಯೂ ಮಾಡುವಂಥದ್ದೇ: ಇನ್‌ಚಾರ್ಜ್ ಸಿಸ್ಟರ್‌ಗೂ ಆ ಮೂವರು ನರ್ಸ್‌ಗಳಿಗೂ ಕಾರಣ ಕೇಳುವ ನೋಟಿಸ್. ಮೇಡಂ ಅದನ್ನು ತಡೆದರು. “ನೋಟಿಸ್ ಕೊಡುವುದಾದರೆ ಮೊದಲು ನನಗೆ ಕೊಡಿ ಸರ್. ಎರಡೂ ಪಟ್ಟಿಗೆ ಸಹಿ ಹಾಕಿದವಳು ನಾನು” ಎಂದರು. ಈ ಮಾತು ಪ್ರಕರಣದ ದಿಕ್ಕನ್ನೇ ಬದಲಿಸಿತೆಂದು ನನ್ನ ಎಣಿಕೆ. ನೋಟಿಸ್ ಹೋಗಿದ್ದರೆ ಅಂದಿನಿಂದ ಯಾವ ಸಿಸ್ಟರೂ ತಾನು ಮಾಡಿದ ಬದಲಾವಣೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮುಂದಿನ ತನಿಖೆಗೆ ಕಾಗದವೇ ಸಿಗುತ್ತಿರಲಿಲ್ಲ.

ಮೊದಲ ಪ್ರಯತ್ನ: ಎಕ್ಸೆಲ್ ರಿಪೇರಿ

ಹೊಸದನ್ನು ಕೊಳ್ಳುವ ಮೊದಲು ಇದ್ದುದನ್ನೇ ಸರಿಪಡಿಸಿ ನೋಡೋಣ ಎಂದು ಎಲ್ಲ ವಾರ್ಡ್‌ಗಳ ಕಡತಗಳನ್ನು ಒಂದೆಡೆ ತಂದೆವು. ಸಿಕ್ಕಿದ ದೋಷಗಳು ಒಂದೊಂದೂ ಪಾಠದಂತಿದ್ದವು. ಒಂದು ವಾರ್ಡಿನಲ್ಲಿ ಯಾರೋ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಲು ಹೋಗಿ ಹೆಸರಿನ ಕಾಲಂ ಮಾತ್ರ ಆರಿಸಿಕೊಂಡು ವಿಂಗಡಿಸಿದ್ದರು. ಹೆಸರುಗಳು ಮೇಲೆ ಕೆಳಗೆ ಓಡಿದವು, ಪಾಳಿಗಳು ಇದ್ದಲ್ಲೇ ಉಳಿದವು. ಆ ತಿಂಗಳು ಇಡೀ ವಾರ್ಡು ಇನ್ನೊಬ್ಬರ ಡ್ಯೂಟಿ ಮಾಡಿತು. ಇನ್ನೊಂದು ವಾರ್ಡಿನಲ್ಲಿ ರಾತ್ರಿ ಪಾಳಿಗಳನ್ನು ಎಣಿಸುವ ಸೂತ್ರ ಕೆಲವರ ರಾತ್ರಿಗಳನ್ನು ಕಡಿಮೆ ತೋರಿಸುತ್ತಿತ್ತು. ರಾತ್ರಿ ಪಾಳಿಯ ಗುರುತಾದ ‘ಎನ್’ ಅಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಟೈಪಾಗಿದ್ದರೆ ಎಕ್ಸೆಲ್ ಅದನ್ನು ಬೇರೆಯೇ ಪದವೆಂದು ತಿಳಿದು ಲೆಕ್ಕದಿಂದ ಬಿಡುತ್ತದೆ. ರಾತ್ರಿ ಭತ್ಯೆ ಕೊಡುತ್ತಿದ್ದದ್ದು ಆ ಎಣಿಕೆಯ ಮೇಲೆಯೇ. ಎಷ್ಟು ತಿಂಗಳು ಎಷ್ಟು ಜನ ಈ ಖಾಲಿ ಜಾಗಕ್ಕೆ ಹಣ ಕಳೆದುಕೊಂಡರೋ!

ಎಲ್ಲಕ್ಕಿಂತ ಆಳದ ದೋಷ ಮಾತ್ರ ಎಕ್ಸೆಲ್‌ನದಲ್ಲ, ಕ್ಯಾಲೆಂಡರಿನದು. ಶನಿವಾರದ ಚೌಕದಲ್ಲಿ ‘ರಾತ್ರಿ’, ಭಾನುವಾರದ ಚೌಕದಲ್ಲಿ ‘ವಾರದ ರಜೆ’, ಸೋಮವಾರದಲ್ಲಿ ‘ಬೆಳಿಗ್ಗೆ’. ಕಾಗದದ ಮೇಲೆ ನೋಡಿದರೆ ಒಂದು ಪೂರ್ತಿ ದಿನದ ರಜೆ. ಆದರೆ ಆ ಸಿಸ್ಟರ್ ಶನಿವಾರದ ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಬೀಳುವುದೇ ಭಾನುವಾರ ಬೆಳಿಗ್ಗೆ ಎಂಟಕ್ಕೆ. ಹ್ಯಾಂಡೋವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು, ತಡವಾದರೆ ಒಂಬತ್ತಕ್ಕೆ. ಮನೆಗೆ ಹೋಗಿ ಮಲಗಿ ಎದ್ದರೆ ಸಂಜೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ವಾರ್ಡಿನಲ್ಲಿರಬೇಕು. ವಾರದ ರಜೆ ಎಂದು ಬರೆದದ್ದು ನಿಜದಲ್ಲಿ ನೈಟ್ ಆಫ್, ಅಂದರೆ ರಾತ್ರಿ ಪಾಳಿಯ ನಂತರದ ವಿಶ್ರಾಂತಿ ಮಾತ್ರ. ಎರಡನ್ನೂ ಒಂದೇ ಚೌಕದಲ್ಲಿ ಮುಗಿಸಿಬಿಡುವ ಈ ಅಭ್ಯಾಸ ಹಲವಾರು ಆಸ್ಪತ್ರೆಗಳಲ್ಲಿ ಇದೆ. ಚೌಕ ತುಂಬಿದೆ ಎಂದ ಮಾತ್ರಕ್ಕೆ ಯಾರಿಗೂ ಅನುಮಾನ ಬರುವುದಿಲ್ಲ.

ಚೌಕಗಳಿಗೆ ಬೀಗ ಹಾಕಿದೆವು, ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸಿಕೊಳ್ಳುವಂತೆ ಮಾಡಿದೆವು, ಒಬ್ಬರು ಎರಡು ವಾರ್ಡಿನಲ್ಲಿದ್ದರೆ ಕೆಂಪು ಬಣ್ಣ ಬರುವಂತೆ ಮಾಡಿದೆವು. ಪಟ್ಟಿ ತಯಾರಿಸುವಾಗಿನ ತಪ್ಪುಗಳು ಗಮನಾರ್ಹವಾಗಿ ಇಳಿದವು. ರಾತ್ರಿ ಜನ ಕಡಿಮೆ ಬೀಳುವುದು ಮಾತ್ರ ಇಳಿಯಲಿಲ್ಲ.

ಎರಡನೆಯ ಪ್ರಯತ್ನ: ಒಂದು ಗುಂಡಿಯ ಭರವಸೆ

ಆಗ ಟ್ರಸ್ಟಿಗಳು ಸಾಫ್ಟ್‌ವೇರ್ ತರಿಸಿದರು. ಪ್ರದರ್ಶನ ಚೆನ್ನಾಗಿತ್ತು. ಕಂಪನಿಯ ಹುಡುಗ ಗುಂಡಿ ಒತ್ತಿದ, ಕಾಫಿ ಮುಗಿಯುವಷ್ಟರಲ್ಲಿ ಒಂದು ವಾರ್ಡಿನ ಇಡೀ ತಿಂಗಳ ಪಟ್ಟಿ ಪರದೆಯ ಮೇಲಿತ್ತು. ಎಲ್ಲರಿಗೂ ಸಮನಾಗಿ ರಾತ್ರಿ ಪಾಳಿ, ಎಲ್ಲರಿಗೂ ಸಮನಾಗಿ ಭಾನುವಾರ.

ಇದು ಸಣ್ಣ ಕೆಲಸವಲ್ಲ. ಒಬ್ಬ ನರ್ಸಿಗೆ ದಿನಕ್ಕೆ ನಾಲ್ಕು ಆಯ್ಕೆ ಎನ್ನಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ರಜೆ. 28 ದಿನಕ್ಕೆ ಅವರೊಬ್ಬರ ಪಟ್ಟಿಯನ್ನೇ ಸುಮಾರು 720 ಕೋಟಿ ಕೋಟಿ ಬಗೆಯಲ್ಲಿ ಬರೆಯಬಹುದು. ಹತ್ತು ಹದಿನೈದು ಜನರದ್ದನ್ನು ಒಟ್ಟಿಗೆ ಹೊಂದಿಸುವುದು ಗಣಕ ವಿಜ್ಞಾನದಲ್ಲಿ ಹೆಸರಾಂತ ಕಗ್ಗಂಟು. 2010ರಲ್ಲಿ ಇದಕ್ಕೆಂದೇ ಸಂಶೋಧಕರ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. ಗೂಗಲ್ ಉಚಿತವಾಗಿ ಕೊಡುವ ಓಆರ್-ಟೂಲ್ಸ್ ಎಂಬ ಸಾಧನದ ಪಾಠಗಳಲ್ಲಿ ನರ್ಸ್‌ಗಳ ಪಾಳಿ ಹಂಚಿಕೆಯೂ ಒಂದು ಉದಾಹರಣೆ. ಈ ಸಾಧನಗಳೆಲ್ಲ ನಿಯಮಗಳನ್ನು ಎರಡು ಬಗೆಯಾಗಿ ನೋಡುತ್ತವೆ. ಒಂದು, ಏನೇ ಆದರೂ ಮೀರಬಾರದ ಕಟ್ಟುನಿಟ್ಟಿನ ನಿಯಮ. ಇನ್ನೊಂದು, ಆದಷ್ಟು ಪಾಲಿಸಬೇಕಾದ, ಮೀರಿದರೆ ಅಂಕ ಕಳೆಯುವ ಸಡಿಲ ನಿಯಮ. ಯಾವುದನ್ನು ಯಾವ ಬಗೆಗೆ ಸೇರಿಸುತ್ತೇವೆ ಎಂಬುದರಲ್ಲೇ ಆಸ್ಪತ್ರೆಯ ನೀತಿ ಅಡಗಿರುತ್ತದೆ. ಅದನ್ನು ಕಂಪನಿಯ ಹುಡುಗ ಮಧ್ಯಾಹ್ನದ ಊಟಕ್ಕೆ ಮುಂಚೆ ತನ್ನ ರೂಢಿಯಂತೆ ತುಂಬಿಬಿಟ್ಟಿದ್ದ.

ಎರಡು ವಾರ್ಡುಗಳಲ್ಲಿ ಪ್ರಯೋಗ ಶುರುವಾಯಿತು. ಪಟ್ಟಿ ಹೊರಬಿದ್ದ ದಿನವೇ ಮೇಡಂ ಕೋಣೆಯ ಮುಂದೆ ಸಾಲು. ಎಂಟೂಕಾಲರ ಬಸ್ಸಿನವರಿಗೆ ಸತತ ಮಧ್ಯಾಹ್ನದ ಪಾಳಿ ಬಿದ್ದಿತ್ತು. ಎಂಟಕ್ಕೆ ಪಾಳಿ ಮುಗಿದು ಹ್ಯಾಂಡೋವರ್ ಕೊಟ್ಟು ಬಟ್ಟೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಓಡುವುದು ಆಗದ ಮಾತು. ಗಂಡ ಹೆಂಡತಿ ಇಬ್ಬರೂ ಅಲ್ಲಿಯೇ ದುಡಿಯುವ ಒಂದು ಮನೆಯಲ್ಲಿ, ಒಂದೇ ರಾತ್ರಿ ಇಬ್ಬರಿಗೂ ಡ್ಯೂಟಿ. ಮಗು ಯಾರ ಬಳಿ? ಮೂರು ದಿನ ಮುಗಿಯುವುದರೊಳಗೆ ಜನ ತಮ್ಮತಮ್ಮಲ್ಲೇ ಪಾಳಿ ಬದಲಿಸಿಕೊಂಡು ಪಟ್ಟಿಯನ್ನು ವಾಸಯೋಗ್ಯ ಮಾಡಿಕೊಂಡರು. ಆ ಬದಲಾವಣೆಗಳು ಸಾಫ್ಟ್‌ವೇರಿಗೆ ಹೋಗಲಿಲ್ಲ, ವಾಟ್ಸ್‌ಆ್ಯಪ್‌ಗೆ ಹೋದವು. ಪಟ್ಟಿ ಮೊದಲಿಗಿಂತ ನ್ಯಾಯವಾಗಿತ್ತು, ಮೊದಲಿಗಿಂತ ಸುಳ್ಳಾಗಿತ್ತು.

ಒಬ್ಬ ಟ್ರಸ್ಟಿ “ನರ್ಸ್‌ಗಳು ಬದಲಾವಣೆಗೆ ಒಗ್ಗುವುದಿಲ್ಲ” ಎಂದರು. ಇಂಥ ಮಾತು ಪ್ರತಿ ಸಾಫ್ಟ್‌ವೇರ್ ಸಭೆಯಲ್ಲೂ ಒಮ್ಮೆ ಬಂದೇ ಬರುತ್ತದೆ. ಅದನ್ನು ಅಲ್ಲಿಗೇ ಬಿಟ್ಟು, ಪ್ರಯೋಗ ನಿಲ್ಲಿಸಿ, ಹಳೆಯ ಕಾಗದಗಳನ್ನು ಓದಲು ಅನುಮತಿ ಕೇಳಿದೆ.

ಮೂರು ಕಾಗದಗಳ ಹೋಲಿಕೆ

ಹಿಂದಿನ ಮೂರು ತಿಂಗಳ ಸಹಿಯಾದ ಪಟ್ಟಿ, ಬೆರಳಚ್ಚಿನ ಹಾಜರಾತಿ ಯಂತ್ರದ ದಾಖಲೆ, ಮೇಡಂ ಅವರ ನೋಟ್‌ಬುಕ್. ಈ ಮೂರನ್ನೂ ದಿನ ದಿನಕ್ಕೆ ಹೋಲಿಸಿ ನೋಡಿದೆವು. ಎಲ್ಲಿ ಪಟ್ಟಿ ಒಂದು ಹೇಳಿ ಹಾಜರಾತಿ ಇನ್ನೊಂದು ಹೇಳುತ್ತದೋ ಅಲ್ಲಿ ಕಾರಣವೇನೆಂದು ನೋಟ್‌ಬುಕ್ಕಿನಲ್ಲಿ ಹುಡುಕುವುದು. ಮೇಡಂ ತಮ್ಮ ಅಕ್ಷರವನ್ನು ತಾವೇ ಓದಿ ಹೇಳಿದರು. ‘ಡಿಡಿ’ ಎಂದರೆ ಡಬಲ್ ಡ್ಯೂಟಿ, ‘ಸಿಒ’ ಎಂದರೆ ಅದಕ್ಕೆ ಬದಲಾಗಿ ಕೊಡಬೇಕಾದ ರಜೆ, ಕಾಂಪ್ ಆಫ್.

ಹೊಳೆದ ಸಂಗತಿ ಎರಡು. ತಪ್ಪುಗಳಲ್ಲಿ ಬಹುಪಾಲು ಪಟ್ಟಿ ಮಾಡುವಾಗ ಆದವಲ್ಲ, ಪಟ್ಟಿ ಹೊರಬಿದ್ದ ಮೇಲೆ ಆದವು. ಜ್ವರ, ಮದುವೆ, ಬದಲಾವಣೆ, ಬದಲಾವಣೆಯ ಮೇಲೊಂದು ಬದಲಾವಣೆ. ನಾವು ಇಷ್ಟು ದಿನ ಪಟ್ಟಿ ಹುಟ್ಟುವ ಗಳಿಗೆಯನ್ನೇ ನೋಡುತ್ತಿದ್ದೆವು. ಅದು ಬದುಕುವ ತಿಂಗಳನ್ನು ನೋಡಿರಲಿಲ್ಲ. ದೊಡ್ಡ ಸಂಸ್ಥೆಗಳೂ ಎಡವುವುದು ಇಲ್ಲೇ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಹಿಮಗಾಳಿಯ ನಂತರ 16 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಬೇಕಾಯಿತು. ಹವಾಮಾನ ತಿಳಿಯಾಗಿ ಬೇರೆ ಕಂಪನಿಗಳು ಚೇತರಿಸಿಕೊಂಡ ಮೇಲೂ ಇವರ ಸಿಬ್ಬಂದಿ ಹಂಚಿಕೆಯ ವ್ಯವಸ್ಥೆಗೆ ಅಷ್ಟೊಂದು ಬದಲಾವಣೆಗಳ ಬೆನ್ನು ಹಿಡಿಯಲು ಆಗಲಿಲ್ಲ. ಯಾವ ಪೈಲಟ್ ಎಲ್ಲಿದ್ದಾನೆಂದು ಫೋನಿನಲ್ಲಿ ಕೇಳಿ ತಿಳಿಯುವ ಸ್ಥಿತಿ ಬಂತು. ಮರುವರ್ಷ ಅಲ್ಲಿನ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ವಿಧಿಸಿತು.

ಎರಡನೆಯ ಸಂಗತಿ ಇನ್ನೂ ಕಹಿ. ತಪ್ಪುಗಳು ಆಸ್ಪತ್ರೆಯ ತುಂಬ ಹರಡಿರಲಿಲ್ಲ; ಐಸಿಯು ಮತ್ತು ಡಯಾಲಿಸಿಸ್‌ನಲ್ಲಿ ಗುಂಪುಗೂಡಿದ್ದವು. ಅದೇ ಇನ್‌ಚಾರ್ಜ್ ಸಿಸ್ಟರ್ ಹಿಂದಿನ ವರ್ಷ ಸಾಮಾನ್ಯ ವಾರ್ಡಿನಲ್ಲಿದ್ದಾಗ ಅವರ ಪಟ್ಟಿ ಅಚ್ಚುಕಟ್ಟಾಗಿತ್ತು. ಐಸಿಯುಗೆ ಬಂದ ಮೇಲೆ ಒಮ್ಮೆಗೇ ಅಜಾಗರೂಕರಾದರೇ?

ಸಾಫ್ಟ್‌ವೇರ್ ‘ಸಾಧ್ಯವಿಲ್ಲ’ ಎಂದಾಗ

ಮೂರನೆಯ ಸುತ್ತಿನಲ್ಲಿ ಕ್ರಮ ತಿರುಗಿಸಿದೆವು. ಪಟ್ಟಿಯನ್ನು ಇನ್‌ಚಾರ್ಜ್ ಸಿಸ್ಟರ್‌ಗಳೇ ಮಾಡಲಿ, ಸಾಫ್ಟ್‌ವೇರ್ ಅದನ್ನು ಪರೀಕ್ಷಿಸಲಿ. ಪ್ರಕಟವಾದ ಮೇಲಿನ ಪ್ರತಿ ಬದಲಾವಣೆಯೂ ಅದರ ಮೂಲಕವೇ ಹೋಗಲಿ. ನಿಯಮಗಳನ್ನು ಬರೆಯಲು ಮೇಡಂ, ನಾಲ್ವರು ಇನ್‌ಚಾರ್ಜ್‌ಗಳು ಮತ್ತು ಇಬ್ಬರು ಕಿರಿಯ ನರ್ಸ್‌ಗಳು ಕುಳಿತರು. ಒಬ್ಬರು ಒಂದೇ ಹೊತ್ತಿನಲ್ಲಿ ಎರಡು ಕಡೆ ಇರುವಂತಿಲ್ಲ. ರಾತ್ರಿ ಪಾಳಿ ಮುಗಿಸಿ ಹೊರಟ ದಿನ ನೈಟ್ ಆಫ್. ವಾರದ ರಜೆಯ ಎಣಿಕೆ ಅದರ ಮರುದಿನದಿಂದ. ಐಸಿಯುನ ನಾಲ್ವರಲ್ಲಿ ಇಬ್ಬರಾದರೂ ವೆಂಟಿಲೇಟರ್ ತರಬೇತಿ ಆದವರಿರಬೇಕು. ವಾರಕ್ಕೆ 48 ಗಂಟೆ ಮೀರುವಂತಿಲ್ಲ. ಇವು ಕಟ್ಟುನಿಟ್ಟಿನವು. ಬಸ್ಸು, ಹಬ್ಬ, ದಂಪತಿಗಳ ಪಾಳಿ ಇತ್ಯಾದಿ ಸಡಿಲದವು. ಬಸ್ಸನ್ನು ಕಟ್ಟುನಿಟ್ಟಿಗೆ ಸೇರಿಸಬೇಕೆಂದು ಕಿರಿಯರು ಬಹಳ ವಾದಿಸಿದರು. ಕೊನೆಗೆ ಆಸ್ಪತ್ರೆಯ ವ್ಯಾನು ಎಂಟೂವರೆಗೆ ಒಂದು ಸುತ್ತು ಹೋಗುವುದೆಂದಾಗಿ ಅದು ಪಟ್ಟಿಯ ಪ್ರಶ್ನೆಯಾಗಿಯೇ ಉಳಿಯಲಿಲ್ಲ. ಎಲ್ಲವನ್ನೂ ಪಟ್ಟಿಯಲ್ಲೇ ಬಿಡಿಸಬೇಕಾಗಿಲ್ಲ.

ಸಾಮಾನ್ಯ ವಾರ್ಡ್‌ಗಳ ಪಟ್ಟಿ ಒಪ್ಪಿಗೆಯಾಯಿತು. ಐಸಿಯು ಪಟ್ಟಿ ಆಗಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹೇಗೆ ತಿರುಗಿಸಿ ಹಾಕಿದರೂ ಕೆಂಪು. ಹಾಗಾದರೆ ಸಾಫ್ಟ್‌ವೇರೇ ಮಾಡಲಿ ಎಂದು ಗುಂಡಿ ಒತ್ತಿದರೆ ಬಂದ ಉತ್ತರ: ಈ ನಿಯಮಗಳೊಂದಿಗೆ ಪಟ್ಟಿ ಸಾಧ್ಯವಿಲ್ಲ.

ಆಡಳಿತ ಕಚೇರಿಗೆ ಅನಿಸಿದ್ದು ಸಾಫ್ಟ್‌ವೇರ್ ಕೆಟ್ಟಿದೆ ಎಂದು. ಕಂಪನಿಯವರು ಬಂದು ನೋಡಿ ಸುಲಭದ ದಾರಿ ತೋರಿಸಿದರು. ರಾತ್ರಿ ನಂತರದ ವಿಶ್ರಾಂತಿಯನ್ನೂ 48 ಗಂಟೆಯ ಮಿತಿಯನ್ನೂ ಸಡಿಲ ನಿಯಮಕ್ಕೆ ಬದಲಿಸಿದರೆ ಪಟ್ಟಿ ಹಸಿರಾಗಿ ಬರುತ್ತದೆ. ಬಂತು ಕೂಡ. ಅದನ್ನು ಮೇಡಂ ಒಂದೊಂದು ಸಾಲಾಗಿ ಓದಿ, ಒಂದು ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: “ಈ ಹುಡುಗಿ ಬುಧವಾರ ರಾತ್ರಿ ಮುಗಿಸಿ ಗುರುವಾರ ಮಧ್ಯಾಹ್ನವೇ ಮತ್ತೆ ಬರಬೇಕಲ್ಲ ಸರ್. ಇದನ್ನು ನಾನು ಪೆನ್ಸಿಲ್ಲಿನಲ್ಲಿ ಮಾಡುತ್ತಿದ್ದಾಗ ತಪ್ಪು ಎನ್ನುತ್ತಿದ್ದಿರಿ. ಈಗ ಹಸಿರು ಹೇಗಾಯಿತು?”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಆಗ ಹಲಗೆಯ ಮೇಲೆ ಲೆಕ್ಕ ಬರೆದೆವು, ಶಾಲಾ ಹುಡುಗರು ಮಾಡಬಹುದಾದ ಲೆಕ್ಕ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಒಂದು ಸ್ಥಾನವನ್ನು ಹಗಲು ರಾತ್ರಿ ತುಂಬಲು ಮೂರೂವರೆ ಜನ ಬೇಕು. ಐಸಿಯುನಲ್ಲಿ ನಾಲ್ಕು ಸ್ಥಾನ, ಅಂದರೆ 14 ಜನ. ಮಂಜೂರಾದ ಹುದ್ದೆಗಳೂ 14. ಟ್ರಸ್ಟಿಗಳ ಕಣ್ಣಿಗೆ ಅದು ಪೂರ್ತಿ. ಆದರೆ ಆ 14 ಜನಕ್ಕೆ ವರ್ಷವಿಡೀ ಜ್ವರ ಬರಬಾರದು, ತಂಗಿಯ ಮದುವೆ ಬರಬಾರದು, ಹೆರಿಗೆಯಂತೂ ಬರಲೇಬಾರದು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ರಜೆಗಾಗಿಯೇ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆನ್ನುತ್ತದೆ. ಹಾಗೆ ನೋಡಿದರೆ 18 ಜನ ಬೇಕು.

ಆ ತಿಂಗಳು ವಾಸ್ತವದಲ್ಲಿ ಕೆಲಸದಲ್ಲಿದ್ದವರು 12. ಒಬ್ಬರು ಸರ್ಕಾರಿ ಕೆಲಸ ಸಿಕ್ಕಿ ಹೋಗಿದ್ದರು, ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದರು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಸಿಬ್ಬಂದಿಯಲ್ಲಿ ಹೆಚ್ಚಿನವರು ಇಪ್ಪತ್ತು ಮೂವತ್ತರ ವಯಸ್ಸಿನ ಹೆಣ್ಣುಮಕ್ಕಳೇ ಆಗಿರುವ ಕಡೆ ಯಾವಾಗಲೂ ಒಬ್ಬರಲ್ಲ ಒಬ್ಬರು ಆ ರಜೆಯಲ್ಲಿರುತ್ತಾರೆ. ಅದನ್ನು ಆಕಸ್ಮಿಕವೆಂದು ಕರೆಯುವುದು ಯೋಜನೆಯ ಸೋಮಾರಿತನ. 12 ಜನ ಕೊಡಬಲ್ಲದ್ದು 576 ಗಂಟೆ, ಬೇಕಾದದ್ದು 672. ವಾರ ವಾರವೂ 96 ಗಂಟೆಯ ಕೊರತೆ. ಹನ್ನೆರಡು ಗಂಟೆಯ ಎಂಟು ರಾತ್ರಿ ಪಾಳಿಗಳಷ್ಟು.

ಆ 96 ಗಂಟೆ ಇಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು? ಡಬಲ್ ಡ್ಯೂಟಿಗೆ, ಸುಳ್ಳು ವಾರದ ರಜೆಗೆ, ತುರ್ತು ವಿಭಾಗದ ಹೆಸರನ್ನೇ ಐಸಿಯುನಲ್ಲೂ ಬರೆದು ‘ಆಮೇಲೆ ನೋಡೋಣ’ ಎನ್ನುವ ಪಟ್ಟಿಗೆ. ಶನಿವಾರ ರಾತ್ರಿಯ ಆ ನಾಲ್ಕನೆಯ ಹೆಸರು ಕೈತಪ್ಪಿನಿಂದ ಬಿದ್ದದ್ದಲ್ಲ. ಚೌಕ ಖಾಲಿ ಬಿಟ್ಟರೆ ಸಹಿ ಸಿಗುವುದಿಲ್ಲವೆಂದು, ಯಾರನ್ನಾದರೂ ಹೊಂದಿಸಿಕೊಳ್ಳೋಣವೆಂದು ಬರೆದದ್ದು. ಇನ್‌ಚಾರ್ಜ್ ಸಿಸ್ಟರ್ ಇದನ್ನು ಆ ದಿನ ಮೊದಲ ಸಲ ಬಾಯಿಬಿಟ್ಟು ಹೇಳಿದರು. ನಾವು ಪಟ್ಟಿಯ ತಪ್ಪು ಎಂದು ಕರೆಯುತ್ತಿದ್ದದ್ದರಲ್ಲಿ ದೊಡ್ಡ ಪಾಲು ಜನರ ಕೊರತೆಯೇ ಆಗಿತ್ತು.

2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಜನ ಪರದಾಡಿದ್ದು ಓದುಗರಿಗೆ ನೆನಪಿರಬಹುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ನಿಯಮ, ರಾತ್ರಿ ಇಳಿಯುವಿಕೆಗೆ ಹಾಕಿದ ಮಿತಿ ಇವುಗಳ ಮುಂದೆ ಇದ್ದ ಸಿಬ್ಬಂದಿ ಸಾಲದೆ ಹೋಯಿತು. ಪ್ರಮಾಣ ಬೇರೆ, ಲೆಕ್ಕ ಇದೇ.

ಹಣದ ಮಾತು

ಟ್ರಸ್ಟಿಗಳನ್ನು ಒಪ್ಪಿಸಿದ್ದು ಈ ಲೆಕ್ಕವಲ್ಲ, ಅಕೌಂಟೆಂಟ್. ಸಾಫ್ಟ್‌ವೇರಿಗೆ ಪ್ರತಿಯೊಬ್ಬರ ಬಾಕಿ ರಜೆ ತುಂಬಬೇಕಿತ್ತು. ಮೇಡಂ ನೋಟ್‌ಬುಕ್ಕಿನಿಂದ ಕಾಂಪ್ ಆಫ್‌ಗಳನ್ನು ಓದುತ್ತ ಹೋದರು, ಅಕೌಂಟೆಂಟ್ ಟೈಪ್ ಮಾಡುತ್ತ ಹೋದರು. ಒಂದು ಹಂತದಲ್ಲಿ ಕೈ ನಿಲ್ಲಿಸಿ, “ಮೇಡಂ, ಇದೆಲ್ಲ ನಾವು ಅವರಿಗೆ ಕೊಡಬೇಕಾದ್ದೇ?” ಎಂದು ಕೇಳಿದರು. ಕೆಲವರ ಬಾಕಿ ತಿಂಗಳನ್ನೇ ಮುಟ್ಟುತ್ತಿತ್ತು. ಎಲ್ಲರೂ ಒಟ್ಟಿಗೆ ಕೇಳಿದರೆ ಐಸಿಯು ಮುಚ್ಚಬೇಕು, ಬಿಟ್ಟುಹೋಗುವಾಗ ಕೇಳಿದರೆ ಹಣ ಕೊಡಬೇಕು. ಹೊಸಬರನ್ನು ನೇಮಿಸದೆ ಉಳಿಸಿದ್ದೇವೆ ಎಂದುಕೊಂಡಿದ್ದ ಸಂಬಳ ಬಡ್ಡಿಯಿಲ್ಲದ ಸಾಲವಾಗಿ ಒಂದು ನೋಟ್‌ಬುಕ್ಕಿನಲ್ಲಿ ಕೂತಿತ್ತು.

ಖಾಲಿ ಎರಡು ಹುದ್ದೆ ತುಂಬಿ, ಐಸಿಯುಗೆ ಇನ್ನಿಬ್ಬರನ್ನು ಕೊಟ್ಟರು, ಒಟ್ಟು 16. ಇಡೀ ಆಸ್ಪತ್ರೆಗೆ ನಾಲ್ವರ ಮೀಸಲು ತಂಡ, ಅಂದರೆ ಯಾವ ವಾರ್ಡಿಗೂ ಸೇರದೆ ಕೊರತೆ ಬಿದ್ದಲ್ಲಿಗೆ ಹೋಗುವವರು. 18 ಆಗಲಿಲ್ಲ. ಹಳೆಯ ಕಾಂಪ್ ಆಫ್‌ಗಳನ್ನು ಒಂದು ವರ್ಷದಲ್ಲಿ ಕಂತುಕಂತಾಗಿ ತೀರಿಸುವುದೆಂದಾಯಿತು.

ಏನಾಯಿತು

ಪಾಳಿ ಬದಲಾವಣೆಯ ಕ್ರಮ ಈಗ ಹೀಗಿದೆ. ಒಬ್ಬರು ಮೊಬೈಲಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ, ಸಾಫ್ಟ್‌ವೇರ್ ನಿಯಮ ನೋಡುತ್ತದೆ, ಇನ್‌ಚಾರ್ಜ್ ಒಪ್ಪಿಗೆ ಕೊಡುತ್ತಾರೆ, ಇಬ್ಬರಿಗೂ ಸಂದೇಶ ಬರುತ್ತದೆ. ಅಷ್ಟೂ ಆಗುವವರೆಗೆ ಡ್ಯೂಟಿ ಮೊದಲಿನವರದ್ದೇ. ಗೋಡೆಯ ತಿಂಗಳ ಪಟ್ಟಿ ಹೋಯಿತು. ಪ್ರತಿ ಪಾಳಿಗೆ ಅರ್ಧ ಗಂಟೆ ಮೊದಲು ಆ ಪಾಳಿಯ ಒಂದೇ ಹಾಳೆ ಮುದ್ರಣವಾಗುತ್ತದೆ, ಕೆಳಗೆ ಮುದ್ರಿಸಿದ ದಿನ ಮತ್ತು ಸಮಯ. ಪೆನ್ನಿನ ತಿದ್ದುಪಡಿಗೆ ಬೆಲೆಯಿಲ್ಲ. ಮುಂದಿನ ತಿಂಗಳ ಪಟ್ಟಿ 15ನೇ ತಾರೀಖಿಗೆ ಬರುತ್ತದೆ. ಹಿಂದೆ 29, 30ಕ್ಕೆ ಬರುತ್ತಿತ್ತು. ಬದಲಾವಣೆಗಳ ಸಂಖ್ಯೆ ಇಳಿಸಿದ್ದರಲ್ಲಿ ಇದೊಂದರ ಪಾಲು ದೊಡ್ಡದು, ಇದಕ್ಕೆ ಸಾಫ್ಟ್‌ವೇರೇ ಬೇಕಿರಲಿಲ್ಲ.

ಕಟ್ಟುನಿಟ್ಟಿನ ನಿಯಮವನ್ನು ಮೀರಲೇಬೇಕಾದಾಗ ಮೇಡಂ ಮಾತ್ರ ಮೀರಬಹುದು, ಕಾರಣ ಬರೆಯಬೇಕು. ಆ ಕಾರಣಗಳ ಪಟ್ಟಿ ತಿಂಗಳಿಗೊಮ್ಮೆ ಟ್ರಸ್ಟಿಗಳ ಸಭೆಗೆ ಹೋಗುತ್ತದೆ. ನನಗೆ ಅತ್ಯಂತ ಉಪಯುಕ್ತವೆನಿಸಿದ ಭಾಗ ಇದೇ. ಎರಡು ಕಡೆ ಒಂದೇ ಹೆಸರು ಬೀಳುವುದು ಪೂರ್ತಿ ನಿಂತಿತು. ರಾತ್ರಿ ಭತ್ಯೆಯ ಜಗಳವೂ ಹೆಚ್ಚುಕಡಿಮೆ ನಿಂತಿತು, ಏಕೆಂದರೆ ಭತ್ಯೆ ಈಗ ಪಟ್ಟಿ ಮತ್ತು ಹಾಜರಾತಿ ಎರಡೂ ತಾಳೆಯಾದ ಲೆಕ್ಕದಿಂದ ಬರುತ್ತದೆ.

ಹೊಸ ತೊಂದರೆಗಳೂ ಬಂದವು. ಎಲ್ಲರ ರಾತ್ರಿಗಳನ್ನೂ ಎಲ್ಲರೂ ಎಣಿಸಬಹುದಾದ್ದರಿಂದ ‘ಅವರಿಗೇಕೆ ಕಡಿಮೆ’ ಎಂಬ ಪ್ರಶ್ನೆ ಬಹಿರಂಗವಾಯಿತು. ಆರೋಗ್ಯದ ಕಾರಣಕ್ಕೆ ರಾತ್ರಿ ವಿನಾಯಿತಿ ಪಡೆದಿದ್ದ ಒಬ್ಬರು ತಮ್ಮ ಕಾಯಿಲೆಯನ್ನು ಎಲ್ಲರಿಗೂ ವಿವರಿಸಬೇಕಾಗಿ ಬಂದು ಕಣ್ಣೀರು ಹಾಕಿದರು. ಆಮೇಲೆ ಇನ್ನೊಬ್ಬರ ಒಟ್ಟು ಎಣಿಕೆ ಕಾಣದಂತೆ ಮಾಡಲಾಯಿತು. ತರಬೇತಿಯ ವಿವರ ತುಂಬುವುದು ಯಾರ ಕೆಲಸವೆಂದು ಗೊತ್ತು ಮಾಡಿರಲಿಲ್ಲ. ವೆಂಟಿಲೇಟರ್ ತರಬೇತಿ ಮುಗಿಸಿದ್ದ ಇಬ್ಬರು ವಾರಗಟ್ಟಲೆ ಕಡತದಲ್ಲಿ ತರಬೇತಿ ಇಲ್ಲದವರಾಗಿಯೇ ಉಳಿದರು. ಉಳಿದವರ ಮೇಲೆ ರಾತ್ರಿಯ ಭಾರ ಬಿತ್ತು. ಕೀಪ್ಯಾಡ್ ಮೊಬೈಲ್ ಇಟ್ಟುಕೊಂಡಿರುವ ಆಯಾಗಳಿಗೆ ಇವತ್ತಿಗೂ ವಾರ್ಡ್ ಕ್ಲರ್ಕ್ ಫೋನ್ ಮಾಡಿಯೇ ಹೇಳಬೇಕು. ದೀಪಾವಳಿ ವಾರ ಹಿಂದಿನಂತೆಯೇ ಕಷ್ಟದ್ದು.

ಇದೇ ದಾರಿ ಹಿಡಿಯುವವರಿಗೆ ನಾನು ಹೇಳಬಲ್ಲದ್ದು: ಕೊಳ್ಳುವ ಮೊದಲು ಹಿಂದಿನ ಮೂರು ತಿಂಗಳ ಪಟ್ಟಿಯನ್ನು ಹಾಜರಾತಿಯೊಂದಿಗೆ ಹೋಲಿಸಿ ಓದಿ. ತಪ್ಪು ಆಗುತ್ತಿರುವುದು ಪಟ್ಟಿ ಮಾಡುವಾಗಲೋ ಆಮೇಲೋ ಎಂದು ಗೊತ್ತಾದರೆ ಅರ್ಧ ಖರೀದಿ ತೀರ್ಮಾನವಾದಂತೆ. ಪ್ರದರ್ಶನಕ್ಕೆ ಬಂದವರಿಗೆ ಪಟ್ಟಿ ಮಾಡಿ ತೋರಿಸಿ ಎನ್ನಬೇಡಿ. ಪಟ್ಟಿಯಿಂದ ರಾತ್ರಿ ಏಳು ಗಂಟೆಗೆ ಒಬ್ಬರನ್ನು ತೆಗೆದುಹಾಕಿ ಏನಾಗುತ್ತದೆ ತೋರಿಸಿ ಎನ್ನಿ. ನಿಯಮಗಳನ್ನು ಪಟ್ಟಿಯ ಕೆಳಗೆ ದುಡಿಯುವವರೂ ಕೂಡಿ ಬರೆಯಲಿ. ‘ಸಾಧ್ಯವಿಲ್ಲ’ ಎಂಬ ಉತ್ತರ ಬಂದಾಗ ನಿಯಮ ಸಡಿಲಿಸುವ ಮೊದಲು ತಲೆ ಎಣಿಸಿ.

ಒಂದು ವರ್ಷ ಕಳೆದ ಮೇಲೆ ಬಜೆಟ್ ಸಭೆಯಲ್ಲಿ ಪ್ರಶ್ನೆ ಬಂತು: ತಪ್ಪುಗಳು ನಿಂತಿವೆಯಲ್ಲ, ಮೀಸಲು ತಂಡ ಇನ್ನೇಕೆ? ಮೇಡಂ ಸಭೆಗೆ ಬರುವ ಮೊದಲೇ ಸಾಫ್ಟ್‌ವೇರಿನಲ್ಲಿ ಆ ನಾಲ್ವರನ್ನು ತೆಗೆದು ಮುಂದಿನ ತಿಂಗಳ ಪಟ್ಟಿ ಓಡಿಸಿ, ಬಂದ ಕೆಂಪು ಹಾಳೆಗಳನ್ನು ಮುದ್ರಿಸಿ ತಂದಿದ್ದರು. ಚರ್ಚೆ ಬಹಳ ಹೊತ್ತು ನಡೆಯಿತು. ಇಬ್ಬರು ಮೀಸಲಿನಲ್ಲಿ ಉಳಿದರು, ಇಬ್ಬರನ್ನು ಐಸಿಯುಗೆ ಸೇರಿಸಿದರು. ಅಲ್ಲಿಗೆ ಐಸಿಯು 18 ಆಯಿತು, ಉಳಿದ ವಾರ್ಡುಗಳ ಮೀಸಲು ಅರ್ಧವಾಯಿತು. ಈ ವರ್ಷ ಕಾರಣಗಳ ಪಟ್ಟಿಯಲ್ಲಿ ಯಾವ ವಾರ್ಡಿನ ಹೆಸರು ಮೇಲೆ ಬರುತ್ತದೆಂದು ಮೇಡಂ ಈಗಾಗಲೇ ಹೇಳಿದ್ದಾರೆ: ಡಯಾಲಿಸಿಸ್.